ಅಂಗೈಯೊಳಗಿನ ಭಂಡಾರ

ಹೋದ ಮಳೆಗಾಲದಲ್ಲಿ ನಮ್ಮ ಡಾಕ್ಟರಬಾಯಿ ತೀರಿಕೊಂಡರು. ತಿಂಗಳೆರಡು ಕಳೆದ ಮೇಲೆ, ಮರಾಠಿ ಗಡಿಯ ನಮ್ಮ ತಾಲೂಕಿನ ಊರಾದ ಜತ್ತದಲ್ಲಿ ಶೋಕಸಭೆ ಆಯಿತು. ಶಾಲೆ ಬಿಟ್ಟ ಕೂಡಲೇ ನಾನೂ ಹೋದೆ, ಬೋರ್ಡಿನ ಮೇಲೆ ಪಾಠ ಬರೆದು ಕೈಗೆ ಹತ್ತಿದ ಖಡುವಿನ ಪುಡಿ ಸಹ ತೊಳೆಯದೆ. ಫೋಟೊಕ್ಕೆ ಹಾರ ಹಾಕಿದ್ದರು. ಫೋಟೊದಲ್ಲಿ ಬಾಯಿ ನಗುತ್ತಿದ್ದರು. ಅಂಥದ್ದನ್ನು ಎಲ್ಲಿಂದ ಹುಡುಕಿ ತಂದರೋ, ನನಗಂತೂ ಆ ನಗೆಯ ಗುರುತೇ ಸಿಗಲಿಲ್ಲ. ಮೈಕಿನ ಮುಂದೆ ಬಂದವರೆಲ್ಲ ಹಾಡಿದ್ದೇ ಹಾಡಿದರು: ಬಾಯಿ ಶಾಂತಮೂರ್ತಿ, ಬಾಯಿ ಮಮತೆಯ ಕಡಲು, ಬಾಯಿ ಮಾತಾಡಿಸಿದರೆ ಅರ್ಧ ರೋಗ ವಾಸಿ.

"ಇಷ್ಟ ವರ್ಷದಾಗ ಅವರು ಯಾರ ಮ್ಯಾಲೂ ದನಿ ಏರಿಸಿದ್ದ ನಾ ನೋಡಿಲ್ಲರಿ," ಎಂದ ಒಬ್ಬ ಪುಢಾರಿ, ಒಣ ಕಣ್ಣಿಗೆ ಕರವಸ್ತ್ರ ಒತ್ತಿಕೊಳ್ಳುತ್ತ.

ನನ್ನ ಮೈಯೆಲ್ಲ ಉರಿಯಿತು. ಇದೇ ಮನುಷ್ಯನನ್ನು ಬಾಯಿ ಬೈದು ಹೊರಗೆ ಹಾಕಿ, ದವಾಖಾನೆಯ ಮುಂದಿನ ಬೇವಿನ ಗಿಡದ ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಸಭೆಯಲ್ಲಿ ಅವನ ಪಕ್ಕದಲ್ಲಿ ಇನ್ನೊಬ್ಬ ಕುಳಿತಿದ್ದ. ಆಚೆ ಊರಿನ ಡಾಕ್ಟರ. ಬಾಯಿ ತನ್ನ ಧಂದೆ ಕೆಡಿಸುತ್ತಾರೆಂದು ಊರೂರು ತಿರುಗಿ ದೂರಿದವನು. ಅವನೂ ಎದ್ದು, "ನನಗ ಅಕ್ಕನ ಸಮಾನ ಇದ್ರು," ಎಂದ. ಕೊನೆಗೆ ಎಲ್ಲರೂ ಎದ್ದು ನಿಂತು ಆಕೆಯ ಆತ್ಮಕ್ಕೆ ಶಾಂತಿ ಕೋರಬೇಕೆಂದರು. ನಾನು ನಿಂತೆ, ಆದರೆ ಕೋರಲಿಲ್ಲ. ಬದುಕಿದ್ದಾಗ ಒಂದು ದಿನವೂ ಬೇಡದ ಶಾಂತಿಯನ್ನು ಸತ್ತ ಮೇಲೆ ಆಕೆಯ ತಲೆಗೆ ಕಟ್ಟುವ ಈ ಜನರ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಚಹಾ ಸಹ ಕುಡಿಯದೆ ಎದ್ದು ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದರೊಳಗೆ ಇದನ್ನು ಬರೆಯುತ್ತಿದ್ದೇನೆ.

ಆಕೆ ಸಿಟ್ಟಿನ ಹೆಂಗಸು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನಮ್ಮ ಕಡೆ ಹಳ್ಳಿಗಳಲ್ಲಿ ಆಕೆಗೆ ಬೆಂಕಿಬಾಯಿ ಎಂದೇ ಹೆಸರಿತ್ತು. ಕುಳ್ಳು, ದಪ್ಪ, ಕಾಲಿಗೆ ರಬ್ಬರ ಚಪ್ಪಲಿ, ಸೀರೆಯ ಸೆರಗನ್ನು ಜಗಳಕ್ಕೆ ಹೊರಟವರ ಹಾಗೆ ಸೊಂಟಕ್ಕೆ ಬಿಗಿದಿರುತ್ತಿದ್ದರು. ಕನ್ನಡಕ ಯಾವಾಗಲೂ ತಲೆಯ ಮೇಲೆ. ಅದನ್ನು ಇಡೀ ದವಾಖಾನೆ ಹುಡುಕುತ್ತಿತ್ತು. ಊಟಕ್ಕೆಂದು ಕೂತದ್ದನ್ನು ನಾನು ಕಾಣೆ. ಜೋಳದ ರೊಟ್ಟಿಯೊಳಗೆ ಶೇಂಗಾ ಹಿಂಡಿ ಸುತ್ತಿಕೊಂಡು, ನಿಂತೇ ತಿನ್ನುತ್ತ, ತಿನ್ನುತ್ತಲೇ ಬೈಯುತ್ತಿದ್ದರು. ಮರಾಠಿಯಲ್ಲಿ ಸಾಹೇಬರನ್ನು ಬೈಯುತ್ತಿದ್ದರು, ಕನ್ನಡದಲ್ಲಿ ನಮ್ಮನ್ನು. ಎರಡೂ ಭಾಷೆಯಲ್ಲಿ ಸಮಪಾಲು ಖಾರ.

ಒಳಗೆ ಹೋದ ಹೆಣ್ಣುಮಗಳ ಹೆಸರು ಕೇಳುವುದಕ್ಕಿಂತ ಮೊದಲು ಕೆಳಗಿನ ರೆಪ್ಪೆ ಎಳೆದು ನೋಡುತ್ತಿದ್ದರು. ಅದು ಬೆಳ್ಳಗಿದ್ದರೆ ಮುಗಿಯಿತು. "ಸುಣ್ಣಾ ಬಳದಂಗ ಐತಲ್ಲವಾ! ಮೈಯಾಗಿನ ರಕ್ತ ಎಲ್ಲಿ ಚೆಲ್ಲಿ ಬಂದಿ? ಇಷ್ಟ ದಿವಸ ಬಾಯಾಗ ಮಣ್ಣ ತುಂಬಿತ್ತೇನು?" ಆ ಬಡಪಾಯಿ ಗಂಡನ ಮುಖ ನೋಡುತ್ತಿದ್ದಳು. ಗಂಡ ಗಂಟಲು ಸರಿಮಾಡಿಕೊಂಡು, "ಅದೇನಂದ್ರ ಬಾಯಾರ, ಆಕಿಗೆ ತಿಂಗಳದ್ದು ಸ್ವಲ್ಪ ಜಾಸ್ತಿ..." ಎಂದು ಶುರುಮಾಡುತ್ತಿದ್ದ. ಬಾಯಿ ಮೇಜಿಗೆ ಸ್ಟೆಥಸ್ಕೋಪು ಕುಟ್ಟುತ್ತಿದ್ದರು.

"ರಕ್ತ ಹೊಂಟಿದ್ದ ಯಾರಿಗಿ?"

"ಆಕಿಗೆರಿ."

"ಮತ್ತ ನೀ ಯಾಕ ಮಾತಾಡಾಕತ್ತಿ? ನಡಿ, ಹೊರಗ ಕಟ್ಟಿ ಮ್ಯಾಲ ಕುಂದ್ರು."

ಆ ಕಟ್ಟೆಯ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಮುಟ್ಟಾದ ಹೆಣ್ಣು ಮನೆಯ ಹೊರಗೆ ಕೂರಬೇಕು. ನೀರು ಬೇಕಾದರೆ ಯಾರಾದರೂ ಮೇಲಿನಿಂದ ಬೊಗಸೆಗೆ ಹೊಯ್ಯಬೇಕು, ಚೆರಿಗೆ ಮುಟ್ಟುವಂತಿಲ್ಲ. ಬಾಯಿ ತಮ್ಮ ದವಾಖಾನೆಯಲ್ಲಿ ಇದೇ ಪದ್ಧತಿಯನ್ನು ಗಂಡಸರಿಗೆ ಹಚ್ಚಿದ್ದರು. ಗಂಡಸರು ಯಾರೇ ಇರಲಿ, ಒಳಗೆ ಕಾಲಿಟ್ಟರೆ ಬೈಸಿಕೊಂಡು ಬೇವಿನ ಕಟ್ಟೆಗೆ ಮರಳಬೇಕು. ನೀರಡಿಸಿತು ಎಂದರೆ ಅಲ್ಲಿ ಕೆಲಸ ಮಾಡುವ ಮಾವಶಿ ತಂಬಿಗೆ ತಂದು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದಳು. ಆ ಪುಢಾರಿ ಸಹ ಅಂದು ಹಾಗೆಯೇ ಬೊಗಸೆಯೊಡ್ಡಿ ಕುಡಿದಿದ್ದ. ಸೊಸೆಯ ಆಪರೇಶನ್ನು ಇವತ್ತೇ ಆಗಬೇಕು, ಮನೆಯಲ್ಲಿ ಕಾರ್ಯವಿದೆ ಎಂದು ಜೋರು ಮಾಡಲು ಬಂದವನು ಅವನು. ಸೊಸೆಗೆ ಗುಳಿಗೆ ಸಾಕಿತ್ತು.

ಆಪರೇಶನ್ನು ಎಂದರೆ ನಮ್ಮ ಕಡೆ ಒಂದೇ. ಚೀಲ ತೆಗೆಸುವುದು. ಗರ್ಭಚೀಲವೆಂದು ಪೂರ್ತಿ ಹೆಸರು ಹೇಳುವಷ್ಟು ಪುರುಸೊತ್ತೂ ಯಾರಿಗೂ ಇಲ್ಲ. ಹೊಟ್ಟೆನೋವು ಬಂತು, ಚೀಲ ತೆಗೆಸು. ಬಿಳಿ ಹೋಗುತ್ತದೆ, ಚೀಲ ತೆಗೆಸು. ಮುಟ್ಟು ಜಾಸ್ತಿ ಆಯಿತು, ಅದಂತೂ ಕೇಳುವುದೇ ಬೇಡ. ಸುಗ್ಗಿ ಮುಗಿದ ಮೇಲೆ ಹೆಣ್ಣುಮಕ್ಕಳನ್ನು ಜೀಪಿನಲ್ಲಿ ತುಂಬಿ ಆಚೆ ಊರಿಗೆ ಒಯ್ಯುವ ಏಜಂಟರಿದ್ದರು. ಕುಣಿಕೋಣೂರ ಹಾದಿಯಲ್ಲಿ ಅಂಥ ಒಂದು ಜೀಪನ್ನು ಬಾಯಿ ತಾವೇ ಅಡ್ಡ ನಿಂತು ನಿಲ್ಲಿಸಿದ್ದನ್ನು ನಮ್ಮ ಕಡೆಯವರು ಇವತ್ತಿಗೂ ಹೇಳಿ ನಗುತ್ತಾರೆ. ನಗುವ ಮಾತೇನಿದೆ ಅದರಲ್ಲಿ? ಎಲ್ಲರನ್ನೂ ಕೆಳಗಿಳಿಸಿ, ಗಿಡದ ನೆರಳಿಗೆ ಕೂರಿಸಿ, ಒಬ್ಬೊಬ್ಬರನ್ನೇ ಕೇಳಿ, ಬಹಳ ಜನರನ್ನು ಮನೆಗೆ ಕಳಿಸಿದರು. "ನೆಗಡಿ ಬಂತಂತ ಮೂಗ ಕೊಯ್ಕೊಳ್ಳಾಕ ಹೊಂಟೀರೇನ?" ಎಂದು ಆವತ್ತು ಕೂಗಿದ್ದು ಅರ್ಧ ಮೈಲಿ ಕೇಳಿಸಿತಂತೆ.

ಹಾಗಂತ ಆಕೆ ಚೀಲ ತೆಗೆಯುವುದಕ್ಕೇ ವಿರೋಧಿ ಎಂದು ತಿಳಿಯಬೇಡಿ. ಅದೇ ಜೀಪಿನಲ್ಲಿ ಬಾಲಗಾಂವದ ಒಬ್ಬ ಮುದುಕಿ ಇದ್ದಳು. ಮುಟ್ಟು ನಿಂತು ಎಷ್ಟೋ ವರ್ಷಕ್ಕೆ ಮತ್ತೆ ರಕ್ತ ಕಂಡಿತ್ತು. ಆಕೆ ಮಾತ್ರ ಹೆದರಿ, ನನಗೆ ಆಪರೇಶನ್ನು ಬೇಡ ಎಂದು ಅಳುತ್ತಿದ್ದಳು. ಬಾಯಿ ಆಕೆಯನ್ನು ಎಲ್ಲರಿಗಿಂತ ಹೆಚ್ಚು ಬೈದು, ತಮ್ಮ ಗಾಡಿಯಲ್ಲೇ ಹಾಕಿಕೊಂಡು ಮಿರಜಕ್ಕೆ ಒಯ್ದರು. ಬೇಕಾದವಳಿಗೆ ಬೇಕು, ಬೇಡದವಳಿಗೆ ಬೇಡ. ಇಷ್ಟು ಸರಳ ಮಾತು. ಇದನ್ನು ಹೇಳುವುದಕ್ಕೆ ಒಬ್ಬಳು ಗಂಟಲು ಹರಿದುಕೊಳ್ಳಬೇಕಾಯಿತು.

ಸಿಟ್ಟು ಕೆಲವೊಮ್ಮೆ ಅಳತೆ ತಪ್ಪುತ್ತಿತ್ತು. ಅದನ್ನೂ ಹೇಳಬೇಕು. ಹಸಿ ಬಾಣಂತಿಯರನ್ನು ಅಳಿಸಿದ್ದುಂಟು. ಆಕೆಯ ಕೈಕೆಳಗೆ ನರ್ಸುಗಳು ಉಳಿಯುತ್ತಿರಲಿಲ್ಲ, ಮಾವಶಿಯೊಬ್ಬಳೇ ಕಲ್ಲಿನಂತೆ ಉಳಿದದ್ದು. ಜನ ಹೇಳುತ್ತಿದ್ದರು, "ಗಂಡ ಇಲ್ಲ, ಮಕ್ಕಳಿಲ್ಲ, ಸಿಟ್ಟ ಬರಲಾರದ ಏನ ಬರ್ತೈತಿ?" ಈ ಮಾತು ಕೇಳಿದಾಗೆಲ್ಲ ನನಗೆ ಅನಿಸುವುದು: ಗಂಡ ಮಕ್ಕಳು ಇದ್ದ ನಮಗೆ ಯಾಕೆ ಬರಲಿಲ್ಲ? ನಮ್ಮ ಅವ್ವಂದಿರನ್ನು, ಅಕ್ಕಂದಿರನ್ನು ಜೀಪಿಗೆ ಹತ್ತಿಸುವಾಗ ನಮ್ಮ ಮನೆಗಳಲ್ಲಿ ಒಬ್ಬರಿಗಾದರೂ ಸಿಟ್ಟು ಬರಬೇಕಾಗಿತ್ತಲ್ಲ.

ನನ್ನ ಅವ್ವ ಅಂಥ ಜೀಪು ಹತ್ತಿ ಹೋದವಳೇ. ಆಗ ಆಕೆಗೆ ಈಗಿನ ನನ್ನ ವಯಸ್ಸೂ ಆಗಿರಲಿಲ್ಲ. ಚೀಲದ ಜೊತೆಗೆ ಎರಡೂ ಅಂಡಾಶಯ ಕಿತ್ತು ಕಳಿಸಿದ್ದರು. ಯಾಕೆಂದು ಆಕೆ ಕೇಳಲಿಲ್ಲ, ಅವರು ಹೇಳಲಿಲ್ಲ. ಅಲ್ಲಿಂದ ಮುಂದೆ ಮೈಯಲ್ಲಿ ಬಿಸಿ ಏಳುವುದು, ನಿದ್ದೆಗೆಡುವುದು ಶುರುವಾಯಿತು. ನೋಡನೋಡುತ್ತ ಬೆನ್ನು ಬಾಗಿತು. ಬಚ್ಚಲಿನಲ್ಲಿ ಸುಮ್ಮನೆ ಜಾರಿದ್ದಕ್ಕೆ ಮುಂಗೈ ಮುರಿಯಿತು. ಆದರೂ ಅವ್ವ ಆ ಆಪರೇಶನ್ನನ್ನು ಹೊಗಳುತ್ತಾಳೆ. ನಮ್ಮದು ಕುರಿಯ ಮನೆತನ. ಬೆಳುಂಕಿಯ ನಮ್ಮ ಮನೆಯ ಹಿಂದೆಯೇ ಕುರಿ ಕೂಡುವ ದಡ್ಡಿ. ಮುಟ್ಟಾದ ಹೆಣ್ಣಿನ ನೆರಳು ದಡ್ಡಿಯ ಮೇಲೆ ಬಿದ್ದರೆ ಕುರಿ ಸಾಯುತ್ತವೆ, ಗಬ್ಬದ ಕುರಿ ಕಂದು ಹಾಕುತ್ತವೆ ಎಂದು ನಂಬಿಕೆ. ದೇವರ ಭಂಡಾರ, ಎಂದರೆ ನಾವು ಹಣೆಗೆ ಹಚ್ಚಿಕೊಳ್ಳುವ ಅರಿಶಿನ ಪುಡಿ, ಅದನ್ನಂತೂ ಕಣ್ಣೆತ್ತಿಯೂ ನೋಡುವಂತಿಲ್ಲ. ಚೀಲ ತೆಗೆಸಿದ ಮೇಲೆ ಅವ್ವನಿಗೆ ಇದ್ಯಾವುದೂ ಇರಲಿಲ್ಲ. "ಪೀಡಾ ಹೋತ ನೋಡು. ಅವತ್ತಿನಿಂದ ಒಂದ ದಿವಸ ಹೊರಗ ಕುಂತಿಲ್ಲ ನಾ," ಎಂದು ಬಾಗಿದ ಬೆನ್ನಿನಿಂದಲೇ ಬೀಗುತ್ತಾಳೆ.

ಮುರಿದ ಮುಂಗೈ ತೋರಿಸಲು ಆಕೆಯನ್ನು ಬಾಯಿಯ ಹತ್ತಿರ ಒಯ್ದಿದ್ದೆ. ಅವ್ವ ಅಲ್ಲಿಯೂ ಇದೇ ಮಾತು ಹೇಳಿದಳು. ಈಗ ಸಿಡಿಲು ಬೀಳುತ್ತದೆ ಎಂದು ನಾನು ಕಾದೆ. ಬಾಯಿ ಆಕೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. "ಹೌದವಾ, ಪೀಡಾ ಹೋತು," ಎಂದರು. ಅವ್ವ ಹೊರಗೆ ಹೋದ ಮೇಲೆ ಗೋಡೆಯ ಕಡೆ ತಿರುಗಿ, ನಾನು ಇಲ್ಲಿ ಬರೆಯಲಾರದ ಒಂದು ಬೈಗುಳ ಬೈದರು. ಯಾರಿಗೆಂದು ನಾನು ಕೇಳಲಿಲ್ಲ.

ಇನ್ನು ವೈನಿಯ ಸಂಗತಿ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಇಬ್ಬರು ಮಕ್ಕಳಾದ ಮೇಲೆ ಮಕ್ಕಳಾಗದ ಹಾಗೆ ಆಪರೇಶನ್ನು ಆಗಿತ್ತು. ಅದಾಗಿ ಕೆಲವು ವರ್ಷಕ್ಕೆ ಮುಟ್ಟು ನಿಲ್ಲದ ಹಾಗೆ ಹರಿಯತೊಡಗಿತು. ಕಲೆ ಕಾಣಬಾರದೆಂದು ಯಾವಾಗಲೂ ಕಪ್ಪು ಸೀರೆ. ಕುರಿಯ ಹಿಂದೆ ಅಡವಿಯಲ್ಲಿ ಇದ್ದಾಗ ಬಟ್ಟೆ ಬದಲಿಸಲು ಮರೆಯಿಲ್ಲ, ತೊಳೆಯಲು ನೀರಿಲ್ಲ. ಕೊಡ ಎತ್ತಿದರೆ ಕಣ್ಣಿಗೆ ಕತ್ತಲೆ. ಬೇರೆ ಕಡೆ ಗುಳಿಗೆ ನುಂಗಿಸಿ ನೋಡಿದ್ದರು. ಒಳಗೆ ಔಷಧ ಬಿಡುವ ಕಾಪರ್-ಟಿಯಂಥದ್ದನ್ನು ಹಾಕಿದರೆ, ಅದು ಮುಂದಿನ ಮುಟ್ಟಿನ ರಕ್ತದ ಜೊತೆಗೇ ಬಿದ್ದುಹೋಗಿತ್ತು. ಅಣ್ಣ ಮತ್ತು ಅವ್ವ ಕೂಡಿ ತೀರ್ಮಾನ ಮಾಡಿದರು: ಚೀಲ ತೆಗೆಸುವುದು. ವೈನಿಯನ್ನು ಯಾರೂ ಕೇಳಲಿಲ್ಲ. ನಾನು ಜಗಳ ತೆಗೆದು, ಮೊದಲು ಬಾಯಿಗೆ ತೋರಿಸಿ ಆಮೇಲೆ ಏನಾದರೂ ಮಾಡಿರಿ ಎಂದೆ. ಅಣ್ಣ ಗೊಣಗುತ್ತಲೇ ಹೊರಟ.

ಅಣ್ಣ ಬೇವಿನ ಕಟ್ಟೆಯ ಮೇಲೆ ಕೂತ. ನಾವಿಬ್ಬರೂ ಒಳಗೆ ಹೋದೆವು. ರೆಪ್ಪೆ ಎಳೆದದ್ದೂ ಆಯಿತು, ಬೈದದ್ದೂ ಆಯಿತು. ನನಗೂ ಒಂದು ಪಾಲು ಬಂತು: "ಸಾಲಿ ಕಲಸಾಕಿ ನೀ, ಈಕಿ ಹಿಂಗ ಬತ್ತಿ ಹೋಗೂತನಕ ಎಲ್ಲಿ ಹೋಗಿದ್ದಿ?" ರಕ್ತ ತುಂಬಿಸುವ ಔಷಧ ಶುರುವಾಯಿತು. ಸೋನೋಗ್ರಾಫಿ ಮಾಡಿಸಿದರು. ಗರ್ಭಚೀಲದ ಒಳಪದರದ ಒಂದು ಚೂರು ತೆಗೆದು ತಪಾಸಣೆಗೆ ಕಳಿಸಿದರು. ಗಡ್ಡೆಯಿಲ್ಲ, ಕ್ಯಾನ್ಸರಿಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ಕರೆಸಿದರು. ಆ ದಿನವೂ ವೈನಿಗೆ ಮುಟ್ಟಿತ್ತು.

"ಮನಿ ನೆಲಾ ಸಾರಸ್ತೀ ಇಲ್ಲೋ?" ಎಂದು ಕೇಳಿದರು ಬಾಯಿ, ರೊಟ್ಟಿ ಕಚ್ಚುತ್ತ.

ವೈನಿಗೆ ಗಾಬರಿ. "ಸಾರಸ್ತೀನ್ರಿ. ಶಗಣಿ ಹಾಕಿ."

"ಸಾರಣಿ ಹೆಪ್ಪಳಿಕಿ ಎದ್ದು ಬಂದ್ರ ಏನ ಮಾಡ್ತಿ?"

"ಕೆರದ ತಗದು ಮತ್ತ ಸಾರಸ್ತೀನ್ರಿ."

"ಮನೀನ ಕೆಡವೂದಿಲ್ಲ?"

ವೈನಿ ಮೊದಲ ಸಲ ನಕ್ಕಳು.

"ಗರ್ಭಚೀಲಕ್ಕೂ ಒಳಗ ಹಂಗ ಒಂದ ಸಾರಣಿ ಇರ್ತೈತಿ. ತಿಂಗಳಿಗೊಮ್ಮಿ ಎದ್ದು ಹೊರಗ ಹೋಗತೈತಿ, ಮತ್ತ ಹೊಸಾದು ಬರ್ತೈತಿ. ನಿಂದು ಅಳತಿ ಮೀರಿ ಹೊಂಟೈತಿ. ಈಗ ಹಾದಿ ಮೂರ ಅದಾವ. ಲಕ್ಷ್ಯ ಕೊಟ್ಟ ಕೇಳು. ತಿಳಿಲಿಲ್ಲಂದ್ರ ಕೇಳು, ಸುಮ್ನ ಗೋಣ ಹಾಕಿದ್ರ ಹೊಡೀತೀನಿ."

ಬಾಯಿ ಹೇಳುತ್ತ ಹೋದರು. ಒಂದು, ಬಲೂನಿನದು. ಹೊಟ್ಟೆ ಕೊಯ್ಯುವುದಿಲ್ಲ. ಮಗು ಬರುವ ಹಾದಿಯಿಂದಲೇ ಒಂದು ಸಣ್ಣ ಬಲೂನು ಒಳಗೆ ಬಿಟ್ಟು, ಬಿಸಿ ನೀರು ತುಂಬಿ, ಆ ಸಾರಣೆಯನ್ನು ಸುಡುತ್ತಾರೆ. ಬೇಗ ಮುಗಿಯುತ್ತದೆ, ಲಗೂನ ಮನೆಗೆ ಹೋಗಬಹುದು. ಎರಡು, ದುರ್ಬೀನಿನದು. ಅದೇ ಹಾದಿಯಿಂದ ದುರ್ಬೀನು ಬಿಟ್ಟು, ಒಳಗೆ ಕಣ್ಣಿಂದ ನೋಡುತ್ತ, ಕಾದ ತಂತಿಯಿಂದ ಕೆರೆದು ತೆಗೆಯುವುದು. ಒಳಗೆ ಗಂಟೇನಾದರೂ ಇದ್ದರೆ ಅದನ್ನೂ ತೆಗೆಯಬಹುದು, ಆದರೆ ಮಾಡುವವರ ಕೈ ಪಳಗಿರಬೇಕು. ಇವೆರಡರಲ್ಲಿ ಯಾವುದು ಮಾಡಿಸಿದರೂ ಆಮೇಲೆ ಬಸಿರಾಗಬಾರದು, ಬಸಿರಾದರೆ ಜೀವಕ್ಕೆ ಅಪಾಯ. ವೈನಿಗೆ ಆ ಚಿಂತೆ ಇರಲಿಲ್ಲ. ಮೂರನೆಯದು, ಚೀಲವನ್ನೇ ತೆಗೆಯುವುದು. ಅದನ್ನೂ ಈಗ ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನಿನಿಂದ ಮಾಡುತ್ತಾರೆ. ಮುಟ್ಟು ಮತ್ತೆಂದೂ ಬರುವುದಿಲ್ಲ. ಆದರೆ ಅದು ದೊಡ್ಡ ಆಪರೇಶನ್ನು, ಬಹಳ ದಿನ ಭಾರ ಎತ್ತುವಂತಿಲ್ಲ.

"ಅದನ್ನ ಮಾಡಿಸಿದ್ರೂ ಅಂಡಾಶಯ ಚಲೋ ಇದ್ರ ಮುಟ್ಟಾಕ ಬಿಡಬ್ಯಾಡ. ನಿಮ್ಮ ಅತ್ತಿ ಬೆನ್ನ ನೋಡೀಯಲ್ಲ? ಅದು ವಯಸ್ಸಿನ ಬೆನ್ನಲ್ಲ."

ವೈನಿ ಮೂರೂ ಹಾದಿಗಳನ್ನು ಬೆರಳ ಮೇಲೆ ಎಣಿಸಿದಳು. ಆಮೇಲೆ ಕೇಳಿದಳು: "ಬಲೂನಿಂದು ಮಾಡಿದ ಮ್ಯಾಲ ಮತ್ತ ಚಾಲೂ ಆಗತೈತೇನ್ರಿ?"

"ಭಾಳ ಮಂದಿಗೆ ಆಗೂದಿಲ್ಲ. ಕೆಲವು ಮಂದಿಗೆ ವರ್ಷ ಕಳದ ಮ್ಯಾಲ ಆಗತೈತಿ. ಸುಳ್ಳ ಹೇಳೂದಿಲ್ಲ ನಾ."

"ಹಂಗಾರ ಚೀಲಾನ ತಗದ ಬಿಡ್ರಿ."

ಬಾಯಿಯ ಮುಖ ಕೆಂಪಾಯಿತು. "ಇಷ್ಟೊತ್ತ ಯಾರಿಗಿ ಹೇಳಿದೆ ನಾ? ಗ್ವಾಡಿಗೇನು? ಯಾಕ ತಗಸ್ತಿ? ನಿಮ್ಮ ಅತ್ತಿ ಹೇಳ್ಯಾಳಂತೇನು?"

"ಅಲ್ರಿ ಬಾಯಾರ," ಎಂದಳು ವೈನಿ, ನೆಲ ನೋಡುತ್ತ. "ಈ ಸಲ ಹ್ಯಾಂಗೋ ಕರಕೊಂಡ ಬಂದಾರ್ರಿ. ಮತ್ತ ಚಾಲೂ ಆದ್ರ ಎರಡನೇ ಸಲ ನನ್ನ ಯಾರ ಕರಕೊಂಡ ಬರ್ತಾರ್ರಿ?"

ಬಾಯಿ ಕೈಯಲ್ಲಿದ್ದ ರೊಟ್ಟಿಯನ್ನು ಮೇಜಿನ ಮೇಲೆ ಇಟ್ಟರು. ಬಲೂನು, ದುರ್ಬೀನು ಎಲ್ಲವನ್ನೂ ತೂಗಿ ಅಳೆದು ಹೇಳಿದ್ದರು. ವೈನಿಯ ತಕ್ಕಡಿಯಲ್ಲಿ ಇದ್ದದ್ದು ಅದಲ್ಲ. ಒಂದು ಹೆಣ್ಣಿಗೆ ತನ್ನ ಮನೆಯವರು ಜನ್ಮಕ್ಕೊಂದೇ ಸಲ ದವಾಖಾನೆಗೆ ಕರೆತರುತ್ತಾರೆ ಎಂದು ಗೊತ್ತಿದ್ದರೆ, ಆಕೆ ಮತ್ತೆಂದೂ ಬರಬೇಕಾಗದ ಹಾದಿಯನ್ನೇ ಹಿಡಿಯುತ್ತಾಳೆ. ಅದು ಅಜ್ಞಾನವಲ್ಲ, ಲೆಕ್ಕಾಚಾರ. ಈ ಲೆಕ್ಕಾಚಾರ ಮಾಡುವ ಹಾಗೆ ಆಕೆಯನ್ನು ಇಟ್ಟವರು ನಾವು. ಇದನ್ನು ಬರೆಯುವಾಗಲೂ ನಾನು ಹಲ್ಲು ಕಡಿಯುತ್ತಿದ್ದೇನೆ.

ಬಾಯಿ ದಡಕ್ಕನೆ ಎದ್ದರು. ಗೂಡಿನಲ್ಲಿ ದೇವರ ಫೋಟೊದ ಮುಂದೆ ಒಂದು ಭಂಡಾರದ ಡಬ್ಬಿ ಇರುತ್ತಿತ್ತು. ಹೆರಿಗೆಯಾದ ಮೇಲೆ ಕುರಿಯವರ ಮನೆಯವರು ತಂದಿಟ್ಟದ್ದು. ಬಾಯಿಗೆ ದೇವರ ಮೇಲೆ ಭಕ್ತಿ ಎಷ್ಟಿತ್ತೋ ಕಾಣೆ, ನಮ್ಮವರ ಆಣೆ ಎಂಥದ್ದೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಭಂಡಾರ ಮುಟ್ಟಿ ಆಣೆ ಮಾಡಿದವನು ಮಾತು ತಪ್ಪಿದರೆ ಅವನ ಹಿಂಡೇ ನಾಶವಾಗುತ್ತದೆ ಎನ್ನುತ್ತಾರೆ. ಡಬ್ಬಿ ತೆಗೆದುಕೊಂಡು, ವೈನಿಯ ರಟ್ಟೆ ಹಿಡಿದು, ಬೇವಿನ ಕಟ್ಟೆಗೆ ನಡೆದರು. ನಾನು ಹಿಂದೆ ಓಡಿದೆ. ಕಟ್ಟೆಯ ಮೇಲೆ ಕೂತ ಗಂಡಸರೆಲ್ಲ ಎದ್ದು ನಿಂತರು.

"ಕುರಿಮರಿ ಕಾಲ ಮುರಕೊಂಡ್ರ ಏನ ಮಾಡ್ತಿ?" ಎಂದು ಅಣ್ಣನನ್ನು ಕೇಳಿದರು.

"ಹೆಗಲ ಮ್ಯಾಲ ಹಾಕ್ಕೊಂಡ ಬರ್ತೀನ್ರಿ."

"ಎರಡನೇ ಸಲ ಮುರಕೊಂಡ್ರ? ಬಿಟ್ಟ ಬರ್ತಿ?"

"ಇಲ್ರಿ. ಬಿಡಾಕ ಬರ್ತೈತೇನ್ರಿ?"

"ಹೇಣ್ತಿನ ಬಿಡಾಕ ಬರ್ತೈತಿ?"

ಬಾಯಿ ವೈನಿಯ ಅಂಗೈ ಬಿಡಿಸಿ, ಅದರ ಮೇಲೆ ಭಂಡಾರ ಸುರಿದರು. ಅಣ್ಣ ಹಾವು ಕಂಡವನ ಹಾಗೆ ಹಿಂದೆ ಸರಿದ.

"ಬಾಯಾರ, ಆಕಿ ಹೊರಗ ಅದಾಳ್ರಿ! ಭಂಡಾರ ಮುಟ್ಟಬಾರದ್ರಿ!"

"ಗೊತ್ತೈತಿ. ನಿನಗಿಂತ ಚಲೋ ಗೊತ್ತೈತಿ ನನಗ."

"ದೇವರ ಸಿಟ್ಟಾಗತಾನ್ರಿ."

"ಆಗಲಿ. ಅವನ ಜೋಡಿ ನಾ ಮಾತಾಡ್ತೀನಿ. ನೀ ಆಕಿ ಅಂಗೈ ಮ್ಯಾಲ ಕೈ ಇಟ್ಟ ಆಣಿ ಮಾಡು. ಮತ್ತ ರಕ್ತ ಹೊಂಟ್ರ ಎರಡನೇ ಸಲಾನೂ ಕರಕೊಂಡ ಬರ್ತೀನಿ, ಮೂರನೇ ಸಲಾನೂ ಕರಕೊಂಡ ಬರ್ತೀನಿ ಅಂತ ಹೇಳು. ನನಗ ಹೇಳಬ್ಯಾಡ. ಆಕಿ ಮಾರಿ ನೋಡಿ ಹೇಳು."

ಅಣ್ಣ ಸುತ್ತ ನಿಂತ ಗಂಡಸರನ್ನು ನೋಡಿದ. ಅವರೆಲ್ಲ ಬೇವಿನ ಎಲೆ ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು. ವೈನಿಯ ಬೆರಳ ಸಂದಿಯಿಂದ ಹಳದಿ ಪುಡಿ ಕಪ್ಪು ಸೀರೆಯ ಮೇಲೆ ಉದುರುತ್ತಿತ್ತು. ಕೊನೆಗೆ ಅಣ್ಣ ಕೈ ಚಾಚಿದ. ಮೆಲ್ಲಗೆ, ಯಾರಿಗೂ ಕೇಳಬಾರದೆನ್ನುವ ಹಾಗೆ ಹೇಳಿದ. "ಕೇಳಿಲ್ಲ," ಎಂದರು ಬಾಯಿ. ಅಣ್ಣ ಮತ್ತೆ ಹೇಳಿದ. ಈ ಸಲ ಎಲ್ಲರಿಗೂ ಕೇಳಿಸಿತು.

ಬಾಯಿ ವೈನಿಯ ಕಡೆ ತಿರುಗಿದರು. "ಈಗ ಹೇಳು. ಏನ ಬೇಕ ನಿನಗ?"

"ಬಲೂನಿಂದು ಮಾಡ್ರಿ," ಎಂದಳು ವೈನಿ.

ಮುಟ್ಟು ನಿಂತ ಮೇಲೆ ಮಿರಜದಲ್ಲಿ ಬಾಯಿಯ ಗೆಳತಿಯೊಬ್ಬರು ಮಾಡಿದರು. ಬಾಯಿ ತಾವೂ ಬಂದಿದ್ದರು. ಅಲ್ಲಿಯೂ ಯಾರನ್ನೋ ಬೈದರು. ವೈನಿ ಮರುದಿನವೇ ಮನೆಯಲ್ಲಿದ್ದಳು. ಅಲ್ಲಿಂದ ಮುಂದೆ ಮುಟ್ಟು ಹೆಸರಿಗಷ್ಟೇ. ರೆಪ್ಪೆಗೆ ಬಣ್ಣ ಬಂತು. ಹಸಿರು ಸೀರೆ ಉಟ್ಟು ನನ್ನ ಶಾಲೆಗೆ ಬಂದು, ಸುಮ್ಮನೆ ತೋರಿಸಿ ಹೋದಳು. ಅವ್ವ ಮಾತ್ರ ಮುಟ್ಟಾದವಳ ಕೈಯಲ್ಲಿ ಭಂಡಾರ ಇಡಿಸಿದ ಪಾಪಕ್ಕೆ ಬಾಯಿಯನ್ನು ಕ್ಷಮಿಸಲಿಲ್ಲ. ಕೆಲವು ವರ್ಷ ಹೀಗೆ ಸುಖವಾಗಿ ಕಳೆದವು.

ಹೋದ ಮಳೆಗಾಲದಲ್ಲಿ ಬಾಯಿ ಹೋದರು. ಎದೆಯ ಬೇನೆ. 'ಇಷ್ಟ ಸಿಟ್ಟ ಮಾಡ್ಕೊಂಡ್ರ ಎದಿ ನಿಲ್ಲದ ಏನ ಮಾಡ್ತೈತಿ' ಎಂದು ಜನ ಮಾತಾಡಿಕೊಂಡರು. ಅದೇ ಹೊತ್ತಿಗೆ ವೈನಿಗೆ ಮತ್ತೆ ರಕ್ತ ಶುರುವಾಯಿತು. ಮೊದಲು ಸ್ವಲ್ಪ, ಆಮೇಲೆ ಹಳೆಯ ಹಾಗೆಯೇ. ಕಪ್ಪು ಸೀರೆ ಮತ್ತೆ ಪೆಟ್ಟಿಗೆಯಿಂದ ಹೊರಗೆ ಬಂತು. ಮಿರಜಕ್ಕೆ ಹೋಗೋಣ ಎಂದರೆ ಅಣ್ಣ, "ಕುರಿ ಈಯೂ ಹೊತ್ತು, ಅಮಾಸಿ ಆಗಲಿ," ಎಂದ. ಅಮಾವಾಸ್ಯೆ ಆಯಿತು. "ಹುಣ್ಣಿಮಿ ಆಗಲಿ," ಎಂದ. ನಾನು ಶೋಕಸಭೆಯಿಂದ ಉರಿಯುತ್ತಲೇ ಊರಿಗೆ ಹೋದವಳು, ಆಣೆಯನ್ನು ನೆನಪಿಸಿದೆ.

ಅಣ್ಣ ಹೇಳಿದ್ದೇನು ಗೊತ್ತೇ? "ಆಣಿ ಮಾಡಿಸಿದವರ ಸತ್ತ ಹೋದ್ರಲ್ಲವಾ. ಅವರ ಜೋಡಿ ಅದೂ ಹೋತು." ಕೆಟ್ಟ ಮನುಷ್ಯನಲ್ಲ ನನ್ನ ಅಣ್ಣ. ಇಡೀ ಊರಿನಲ್ಲಿ ಒಳ್ಳೆಯವನೆಂದು ಹೆಸರು. ಅದೇ ನನ್ನನ್ನು ಇನ್ನೂ ಉರಿಸುತ್ತದೆ. ಅವ್ವ ಹೊಸ್ತಿಲಲ್ಲಿ ಕೂತು, "ಅವತ್ತ ಚೀಲ ತಗಸಿದ್ರ ಈ ಪೀಡಾ ಇರತಿತ್ತೇನು?" ಎಂದು ರಾಗ ತೆಗೆದಳು.

ವೈನಿ ಹೊರಗಿನ ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದಳು. ಆಕೆಗೆ ಎಲ್ಲ ಕೇಳಿಸಿತ್ತು. ಅಣ್ಣ ಎದ್ದು ದಡ್ಡಿಗೆ ಹೋದ. ಆಕೆಯೂ ಎದ್ದಳು. ಬೀಳಬಾರದೆಂದು ಗೋಡೆ ಹಿಡಿದುಕೊಂಡು, ಸೀದಾ ಮನೆಯೊಳಗೆ ನಡೆದಳು. ಅವ್ವ ಚೀರಿದಳು. ವೈನಿ ದೇವರ ಜಗುಲಿಯ ಮೇಲಿನ ಭಂಡಾರದ ಬಟ್ಟಲಿಗೆ ಕೈ ಹಾಕಿ, ಒಂದು ಹಿಡಿ ತುಂಬಿಕೊಂಡು, ಹಿಂದಿನ ಬಾಗಿಲಿನಿಂದ ದಡ್ಡಿಯೊಳಗೆ ಹೋದಳು. ಮದುವೆಯಾಗಿ ಬಂದಂದಿನಿಂದ ಮುಟ್ಟಾದಾಗ ಆ ಕಡೆ ನೆರಳು ಸಹ ಹಾಯಿಸಿದವಳಲ್ಲ. ಕುರಿಗಳು ಎರಡಾಗಿ ಸರಿದು ಹಾದಿ ಬಿಟ್ಟವು. ಮರಿಗೆ ಹಾಲು ಕುಡಿಸುತ್ತ ಕೂತಿದ್ದ ಅಣ್ಣನ ಮುಂದೆ ನಿಂತು ಅಂಗೈ ಬಿಚ್ಚಿದಳು.

"ಆಣಿ ಬಾಯಾರಿಗಿ ಮಾಡಿದ್ದಿಲ್ರಿ ನೀವು. ನನಗ ಮಾಡೀರಿ. ನಾ ಇನ್ನ ಸತ್ತಿಲ್ಲ. ಏಳ್ರಿ."

ದನಿ ಅಷ್ಟೇನೂ ದೊಡ್ಡದಲ್ಲ. ಆದರೆ ಆ ಏರು ನನಗೆ ಗೊತ್ತಿತ್ತು. ಬೇವಿನ ಕಟ್ಟೆಯ ಮುಂದೆ ಕೇಳಿದ್ದೆ.

"ಹೊರಗ ಬಾರ ಹಡಸು!" ಎಂದು ಅವ್ವ ಬಾಗಿದ ಬೆನ್ನಿನಿಂದಲೇ ಬಾಗಿಲಿಗೆ ಬಂದು ಎದೆ ಬಡಿದುಕೊಂಡಳು. "ಕುರಿ ಸಾಯ್ತಾವ! ಹಿಂಡಿಗಿ ಹಿಂಡ ಸಾಯ್ತಾವ!"

"ಸತ್ರ ಸಾಯಲಿ, ಅತ್ತಿ," ಎಂದಳು ವೈನಿ, ಹಿಂದೆ ತಿರುಗದೆ. "ನಾ ಸಾಯೂದಿಲ್ಲ."

ಅಣ್ಣ ಮರಿಯನ್ನು ಕೆಳಗೆ ಬಿಟ್ಟು ಎದ್ದ.

ಮಿರಜದಲ್ಲಿ ಅವನು ಒಳಗೆ ಬರಲು ನೋಡಿದ. "ನೀವು ಹೊರಗ ಕುಂದ್ರಿ," ಎಂದಳು ವೈನಿ. ಮತ್ತೆ ಸೋನೋಗ್ರಾಫಿ ಆಯಿತು, ಮತ್ತೆ ಚೂರು ತೆಗೆದು ನೋಡಿದರು. ಬಾಯಿಯ ಗೆಳತಿ ಮತ್ತೆ ಎಲ್ಲ ಹಾದಿಗಳನ್ನು ಹೇಳಿದರು. ಈ ಸಲ ವೈನಿ ಚೀಲ ತೆಗೆಸಿಕೊಳ್ಳುತ್ತೇನೆ ಎಂದಳು, ದುರ್ಬೀನಿನಿಂದ, ಅಂಡಾಶಯ ಮುಟ್ಟಬಾರದು ಎಂದು ತಾನೇ ಹೇಳಿ. ಯಾರೂ ಕರೆತರುವುದಿಲ್ಲ ಎಂದು ಹೆದರಿ ಆರಿಸಿದ್ದಲ್ಲ, ಸಾಕಾಗಿದೆ ಎಂದು ಆರಿಸಿದ್ದು. ಈಗ ಮನೆಯಲ್ಲಿದ್ದಾಳೆ. ಕೊಡ ಎತ್ತುವಂತಿಲ್ಲ, ಅಣ್ಣ ಎತ್ತುತ್ತಾನೆ.

ಅವ್ವ ಆಕೆಯ ಜೊತೆ ಮಾತು ಬಿಟ್ಟಿದ್ದಾಳೆ. ಬೆಳಗಾದರೆ ಕೋಲೂರಿಕೊಂಡು ದಡ್ಡಿಗೆ ಹೋಗಿ ಕುರಿ ಎಣಿಸುತ್ತಾಳೆ. ಹೋದ ಭಾನುವಾರ ನಾನೂ ಆಕೆಯ ಹಿಂದೆ ನಿಂತು ನೋಡಿದೆ. ಆ ಕಡೆಯಿಂದ ಒಮ್ಮೆ ಎಣಿಸಿದಳು, ಈ ಕಡೆಯಿಂದ ಒಮ್ಮೆ ಎಣಿಸಿದಳು. ಒಂದೂ ಸತ್ತಿರಲಿಲ್ಲ.